ಮುಂದಿನ ನುಡಿ ಬರಬೇಕಾದರೆ

ಕನ್ನಡಕ ಹುಡುಕಲು ಕೂತರೆ ಕನ್ನಡಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಮೊನ್ನೆ ಹಾಗೆ ಸಿಕ್ಕಿದ್ದು ಒಂದು ಹಸಿರು ಪೆನ್ ಡ್ರೈವ್. ಸೀರೆ ಪಿನ್ನುಗಳ ಡಬ್ಬಿಯ ತಳದಲ್ಲಿ ಮುಚ್ಚಳ ಕಳೆದುಕೊಂಡು ಬಿದ್ದಿತ್ತು. ಅಂಗೈಯಲ್ಲಿಟ್ಟು ನೋಡಿದರೆ ಹುಣಸೆ ಬೀಜಕ್ಕಿಂತ ತುಸು ದೊಡ್ಡದು. ಇಷ್ಟು ಸಣ್ಣ ಸಾಮಾನಿನ ದೆಸೆಯಿಂದ ನಾನು ಹನ್ನೊಂದು ವರ್ಷದ ಗೆಳೆತನವನ್ನು ಕಳೆದುಕೊಳ್ಳುವುದರಲ್ಲಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬುವ ಹಾಗೆ ಹೇಳುತ್ತೇನೆ. ನಡುನಡುವೆ ನನ್ನ ಅಭ್ಯಾಸದಂತೆ ಬೇರೆ ಕಡೆ ಹೋಗಿಬರುತ್ತೇನೆ, ಸಹಿಸಿಕೊಳ್ಳಿ.

ನಾವು ನಾಲ್ವರು ಬೀದರಿನಲ್ಲಿ ಮನೆ ಮಾಡಿಕೊಂಡು ಔರಾದಿನ ಒಂದು ಪ್ರೌಢಶಾಲೆಗೆ ದಿನಾ ಹೋಗಿಬರುವವರು. ಗಾಡಿ ಖಾಜಾ ಸರ್ ಅವರದು. ಅವರು ಪಾಠ ಮಾಡುವುದು ವಿಜ್ಞಾನ, ಗಾಡಿ ಓಡಿಸುವುದು ಪ್ರಯೋಗಶಾಲೆಯ ಗಾಜಿನ ಸಾಮಾನು ಒಯ್ಯುವಷ್ಟು ಜೋಪಾನವಾಗಿ. ಗುಮಾಸ್ತ ಬಂಡೆಪ್ಪ ಸಂತಪುರದ ಕಡೆಯವನು, ಈಗಲೂ ಮನೆಯಲ್ಲಿ ಅರವತ್ತು ಕುರಿ ಇಟ್ಟುಕೊಂಡ ಮನೆತನ. ಗಣಿತದ ಟೀಚರ್ ಸುಜಾತಾ, ತವರು ಭಾಲ್ಕಿ ತಾಲ್ಲೂಕಿನ ಮೆಹಕರ. ನಾಲ್ಕನೆಯವಳು ನಾನು. ಮಕ್ಕಳಿಗೆ ಕನ್ನಡ ಕಲಿಸುತ್ತೇನೆ, ದೊಡ್ಡವರನ್ನು ತಿದ್ದುತ್ತೇನೆ.

ಬೀದರಿನಿಂದ ಔರಾದಿನವರೆಗಿನ ರಸ್ತೆಯನ್ನು ನಾವು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಪಾಲು ಮಾಡಿಕೊಂಡಿದ್ದೆವು. ಊರು ಬಿಟ್ಟಲ್ಲಿಂದ ಜನವಾಡದವರೆಗೆ ಖಾಜಾ ಸರ್ ಅವರ ಕವ್ವಾಲಿ. ಜನವಾಡದಿಂದ ಮಾಂಜ್ರಾ ಸೇತುವೆಯವರೆಗೆ ನನ್ನ ಶಾಸ್ತ್ರೀಯ ಸಂಗೀತ. ಸೇತುವೆಯಿಂದ ಸಂತಪುರದವರೆಗೆ ಸುಜಾತಾಳ ಹಾಡುಗಳು. ಅಲ್ಲಿಂದ ಔರಾದಿನವರೆಗೆ ಬಂಡೆಪ್ಪನ ಡಿಜೆ. ನಾಲ್ವರ ಹಾಡುಗಳೂ ಗಾಡಿಗೆ ಸಿಕ್ಕಿಸಿದ ಆ ಹಸಿರು ಪೆನ್ ಡ್ರೈವಿನಲ್ಲೇ, ಒಬ್ಬೊಬ್ಬರದು ಒಂದೊಂದು ಫೋಲ್ಡರು. ಒಬ್ಬರ ಪಾಲಿನಲ್ಲಿ ಇನ್ನೊಬ್ಬರು ಕೈಹಾಕುವ ಹಾಗಿಲ್ಲ. ಇಷ್ಟವಾಗದಿದ್ದರೆ ಕಿಟಕಿಯಾಚೆಯ ತೊಗರಿ ಹೊಲ ನೋಡಬಹುದು, ಬಾಯಿ ಮಾತ್ರ ಬಿಡುವಂತಿಲ್ಲ. ಈ ಕಾಯಿದೆ ಮಾಡಿದವಳು ನಾನೇ, ಮುರಿದವಳೂ ನಾನೇ.

ಖಾಜಾ ಸರ್ ಅವರ ಕವ್ವಾಲಿ ಏರುತ್ತಿದ್ದಂತೆ ಗಾಡಿಯ ವೇಗ ಇಳಿಯುತ್ತಿತ್ತು. ಗಾಯಕ ಮೇಲಿನ ಸ್ವರ ಮುಟ್ಟಿದಾಗ ನಮ್ಮನ್ನು ಸೈಕಲ್ಲಿನವರೂ ಹಿಂದೆ ಹಾಕಿ ಹೋಗುತ್ತಿದ್ದರು. ಬಂಡೆಪ್ಪನ ಡಿಜೆಗೆ ಕನ್ನಡಿ ನಡುಗುತ್ತಿತ್ತು, ನನ್ನ ದವಡೆ ಹಲ್ಲಿನಲ್ಲಿ ತುಂಬಿಸಿದ್ದ ಸಿಮೆಂಟೂ ನಡುಗುತ್ತಿತ್ತು. ಅವನು ಮಾತ್ರ ಅಷ್ಟು ಹೊತ್ತೂ ನಿದ್ದೆ ಹೊಡೆಯುತ್ತಿದ್ದ. ಕೇಳಿದರೆ, "ಕುರಿ ಒದರೋ ಮನ್ಯಾಗ ಬೆಳದಾಂವ್ರಿ ಮೇಡಂ ನಾ. ಸಪ್ಪಳ ಇದ್ರೇ ನಿದ್ದಿ ಬರ್ತದ," ಎನ್ನುತ್ತಿದ್ದ. ಇನ್ನು ನನ್ನ ಸಂಗೀತ. ಜನವಾಡದಲ್ಲಿ ಶುರುವಾದ ಆಲಾಪ ಸೇತುವೆ ಬಂದರೂ ತಾಳಕ್ಕೆ ಬಂದಿರುತ್ತಿರಲಿಲ್ಲ. ಮೂರು ವರ್ಷ ಕೇಳಿದ ಮೇಲೆ ಬಂಡೆಪ್ಪ ಒಂದು ದಿನ ಬಹಳ ವಿನಯದಿಂದ, "ಮೇಡಂ, ಇವ್ರು ಹಾಡು ಶುರು ಮಾಡೋದು ಯಾವಾಗ್ರಿ?" ಎಂದು ಕೇಳಿದ. ನಾನು ಅವನ ಅಜ್ಞಾನವನ್ನು ಕ್ಷಮಿಸಿದೆ.

ಈ ಕ್ಷಮಿಸುವ ಚಾಳಿ ನನಗೆ ಸಣ್ಣಂದಿನಿಂದ ಇದೆ. ನಾನು ಬೆಳೆದದ್ದು ಭಾಲ್ಕಿಯಲ್ಲಿ, ಗೋಡೆಗೆ ಗೋಡೆ ಹತ್ತಿದ ಮನೆಗಳ ಓಣಿಯಲ್ಲಿ. ನಮ್ಮ ಟ್ರಾನ್ಸಿಸ್ಟರಿನ ಬ್ಯಾಟರಿ ಮುಚ್ಚಳ ಮುರಿದಿದ್ದರಿಂದ ಅವ್ವ ಸೈಕಲ್ ಟ್ಯೂಬಿನ ಪಟ್ಟಿಯಿಂದ ಅದನ್ನು ಬಿಗಿದಿದ್ದಳು. ಮುಳ್ಳು ಒಂದು ಕಡೆ ಸಿಕ್ಕಿಕೊಂಡಿತ್ತು. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಟ್ಟಿಗೇ ಬರುತ್ತಿದ್ದವು. ಅಡಿಗೆ ಮನೆಯಲ್ಲಿ ಅವ್ವ ಮೂರರಲ್ಲಿ ತನಗೆ ಬೇಕಾದ ಹಾಡನ್ನು ಆರಿಸಿಕೊಂಡು ರೊಟ್ಟಿ ತಟ್ಟುತ್ತ ಗುನುಗುತ್ತಿದ್ದಳು. ಅದು ಹೇಗೆ ಸಾಧ್ಯವಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು. ನನಗೆ ಆ ರೇಡಿಯೋ ಕೇಳಿದರೆ ತಲೆನೋವು ಬರುತ್ತಿತ್ತು.

ಏಳನೆಯ ಇಯತ್ತೆಯಲ್ಲಿ ಮಹಾನಂದಾ ಎಂಬ ಗೆಳತಿ ತನ್ನ ಹಾಡಿನ ನೋಟ್‌ಬುಕ್ಕನ್ನು ನನಗೆ ಓದಲು ಕೊಟ್ಟಿದ್ದಳು. ರೇಡಿಯೋ ಕೇಳಿ ಕೇಳಿ ಬರೆದುಕೊಂಡ ಹಾಡುಗಳು. ಪ್ರತಿ ಪುಟದ ಮೂಲೆಗೆ ಸ್ಕೆಚ್ ಪೆನ್ನಿನಿಂದ ಬರೆದ ಹೂವು. ಆ ವಯಸ್ಸಿನಲ್ಲಿ ಹಾಡಿನ ಪುಸ್ತಕ ಕೊಡುವುದೆಂದರೆ ಮನಸ್ಸನ್ನೇ ಕೊಟ್ಟ ಹಾಗೆ. ನಾನು ಎರಡು ದಿನ ಇಟ್ಟುಕೊಂಡು, ತಪ್ಪುಗಳಿಗೆಲ್ಲ ಕೆಂಪು ಶಾಯಿಯ ಗೆರೆ ಎಳೆದು, ಒಂದೊಂದು ಹಾಡಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಕೊನೆಯ ಪುಟದಲ್ಲಿ 'ಸುಧಾರಣೆ ಅಗತ್ಯ' ಎಂದು ಬರೆದು ವಾಪಸು ಕೊಟ್ಟೆ. ಅವಳು ಆ ವರ್ಷ ಪೂರ್ತಿ ನನ್ನೊಂದಿಗೆ ಮಾತಾಡಲಿಲ್ಲ. ಮೇಷ್ಟ್ರು ಮಾಡುವುದನ್ನೇ ನಾನೂ ಮಾಡಿದ್ದೇನಲ್ಲ, ಇದರಲ್ಲಿ ಸಿಟ್ಟು ಮಾಡುವಂಥದ್ದೇನಿದೆ ಎಂದು ನಾನು ನಿಜವಾಗಿಯೂ ಅಚ್ಚರಿಪಟ್ಟಿದ್ದೆ.

ಆಮೇಲೆ ಬೀದರಿಗೆ ಕಾಲೇಜಿಗೆ ಬಂದಾಗ ಹಳೆಯ ಊರಿನ ಚೌಬಾರ ಗೋಪುರದ ಹತ್ತಿರ ಒಬ್ಬ ಉಸ್ತಾದರ ಬಳಿ ನಾಲ್ಕು ವರ್ಷ ಹಾಡು ಕಲಿತೆ. ಮೊದಲ ದಿನವೇ ಅವರು ಹಾಡುವಾಗ ನಾನು ಸಣ್ಣಗೆ ದನಿಗೂಡಿಸಿದ್ದಕ್ಕೆ ಹಾರ್ಮೋನಿಯಂ ನಿಲ್ಲಿಸಿ, "ಸುನ್‌ನೇಕು ಭೀ ತಮೀಜ್ ಹೋನಾ ಬೇಟಿ," ಎಂದರು. ಕೇಳುವುದಕ್ಕೂ ಒಂದು ರೀತಿ ಬೇಕಂತೆ. ಕಣ್ಣು ಮುಚ್ಚಬೇಕು, ಬಾಯಿ ಅದಕ್ಕಿಂತ ಬಿಗಿಯಾಗಿ ಮುಚ್ಚಬೇಕು, ತೊಡೆಯ ಮೇಲೆ ಒಂದು ಬೆರಳು ಆಡಿಸಬಹುದು. ಗಾಯಕಿಯಾಗಿ ನಾನು ಎಲ್ಲಿಗೂ ಮುಟ್ಟಲಿಲ್ಲ, ಆದರೆ ಬಾಯಿ ಮುಚ್ಚಿ ಕೇಳುವುದರಲ್ಲಿ ಬೀದರ್ ಜಿಲ್ಲೆಗೇ ಮೊದಲಿಗಳಾದೆ. ನನ್ನ ಅಭಿರುಚಿಯ ಮೇಲೆ ನನಗೆ ಭಾರಿ ಭರವಸೆ. ಇವತ್ತಿಗೂ ಅದರಲ್ಲಿ ಹೆಚ್ಚು ಕಡಿಮೆಯಾಗಿಲ್ಲ, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಸುಜಾತಾಳ ಪಾಲಿನ ರಸ್ತೆ ನನಗೆ ದಿನವೂ ಒಂದು ಪರೀಕ್ಷೆ. ಅವಳ ಫೋಲ್ಡರಿನಲ್ಲಿದ್ದವು ಅಂಗಡಿಯ ಹಾಡುಗಳಲ್ಲ. ಊರಲ್ಲಿ ಜಯಂತಿಗೆ, ತೊಟ್ಟಿಲಿಗೆ, ಮದುವೆಗೆ ಹಾಡಿದ ಭೀಮಗೀತೆ, ಬುದ್ಧನ ಪದಗಳು. ಯಾರೋ ಮೊಬೈಲಿನಲ್ಲಿ ಹಿಡಿದವು. ಮೈಕು ಸಿಳ್ಳು ಹಾಕುತ್ತದೆ, ಯಾರೋ ಕುರ್ಚಿ ಎಳೆಯುತ್ತಾರೆ, ಒಬ್ಬ ಮುದುಕ ಕೆಮ್ಮುತ್ತಾನೆ. ಅದರಲ್ಲಿ ಒಂದು ಹಾಡಂತೂ ಒಂದೇ ಸಾಲಿನಲ್ಲಿ ಕೂತುಬಿಡುತ್ತಿತ್ತು. ಅದೇ ಸಾಲು ಹತ್ತು ಸಲ, ಹದಿನೈದು ಸಲ. ಜೊತೆಗೆ ಹಿಂದಿನ ಸೀಟಿನಿಂದ ಸುಜಾತಾ ಚಪ್ಪಾಳೆ ತಟ್ಟುತ್ತ ಅದೇ ಸಾಲನ್ನು ಗಟ್ಟಿಯಾಗಿ ಹಾಡುತ್ತಿದ್ದಳು.

ಒಂದು ಶನಿವಾರ ನನಗೆ ಒಳ್ಳೆಯ ಆಲಾಪವೊಂದು ಕಿವಿಯಲ್ಲೇ ಉಳಿದಿತ್ತು. ಸೇತುವೆ ದಾಟಿದ್ದೇ ತಡ ಆ ಸಾಲು ಶುರುವಾಯಿತು. ಒಂಬತ್ತನೆಯ ಸಲಕ್ಕೆ ನನ್ನ ಸಹನೆ ತೀರಿತು. ಮುಂದಿನ ಸೀಟಿನಲ್ಲಿದ್ದವಳು ಕೈ ಚಾಚಿ ಗುಂಡಿ ಒತ್ತಿ ಬಂದ್ ಮಾಡಿಬಿಟ್ಟೆ.

"ಸುಜಾತಾ, ಹಾಡಂದ್ರ ಕೇಳೋದಿರ್ತದ, ಒದರೋದಲ್ಲ," ಎಂದೆ. "ಆ ಮನಷ್ಯಾಗ ಮುಂದಿಂದು ಮರತದ ಕಾಣ್ತದ. ಈ ಗದ್ದಲ ಸಾಕವ್ವ."

ಅಷ್ಟಕ್ಕೆ ನಿಲ್ಲಿಸದೆ ನನ್ನ ಆಲಾಪವನ್ನೇ ಮತ್ತೆ ಹಚ್ಚಿದೆ. ಸುಜಾತಾ ಸಂತಪುರದವರೆಗೆ ಕಿಟಕಿಯಾಚೆಯ ತೊಗರಿ ಹೊಲ ನೋಡಿದಳು. ಬಂಡೆಪ್ಪ ತನ್ನ ಪಾಲು ಬಂದರೂ ಡಿಜೆ ಹಾಕೆನ್ನಲಿಲ್ಲ, ಎಚ್ಚರವಾಗಿಯೇ ಕೂತಿದ್ದ. ನಾನಾದರೋ ಎಲ್ಲರೂ ಸಂಗೀತದಲ್ಲಿ ಮುಳುಗಿದ್ದಾರೆಂದು ತಿಳಿದು ಸಂತೋಷಪಟ್ಟೆ.

ಸೋಮವಾರ ಸುಜಾತಾ ಬರಲಿಲ್ಲ. "ನಾ ಇನ್ನ ಬಸ್ಸಿಗಿ ಹೋಗ್ತೇನ್ರಿ ಸರ್," ಎಂದು ಖಾಜಾ ಸರ್ ಅವರಿಗೆ ಫೋನ್ ಮಾಡಿದ್ದಳಂತೆ. ಒಂದು ವಾರ ನೋಡಿ, ಅವಳಿಗೆ ಸಹಾಯವಾಗಲಿ ಎಂದು ನಾನು ವಾಟ್ಸಾಪಿನಲ್ಲಿ 'ಮೊದಲು ಕೇಳಬೇಕಾದ ಹತ್ತು ರಾಗಗಳು' ಎಂಬ ಪಟ್ಟಿ ಕಳಿಸಿದೆ. ಒಂದೊಂದರ ಮುಂದೆ ಬೆಳಿಗ್ಗೆ, ಸಂಜೆ ಎಂದು ಹೊತ್ತನ್ನೂ ಬರೆದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಖಾಜಾ ಸರ್ ಅವರಿಗೆ ತೋರಿಸಿದಾಗ ಅವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ಓದಿ, "ಮೇಡಂ, ನಿಮ್ಮ ಬ್ಯಾನಿಗಿ ಇಲಾಜ್ ಇಲ್ರಿ," ಎಂದರು.

ಎರಡನೆಯ ವಾರಕ್ಕೆ ನನ್ನ ಧೈರ್ಯ ಇಳಿಯತೊಡಗಿತು. ನಾನು ಕಾಲು ಮುರಿದುಕೊಂಡು ಮಲಗಿದ್ದಾಗ ಎರಡು ತಿಂಗಳು ನನ್ನ ತರಗತಿಗಳನ್ನೆಲ್ಲ ತೆಗೆದುಕೊಂಡವಳು ಇವಳು. ಗಣಿತದವಳು ಹತ್ತನೆಯ ಇಯತ್ತೆಗೆ ಹಳಗನ್ನಡ ಹೇಳಿದಳು, ದಿನಾ ಸಂಜೆ ನನ್ನ ಮನೆಗೆ ಬಂದು ಮರುದಿನದ ಪದ್ಯ ಹೇಳಿಸಿಕೊಂಡು ಹೋಗಿ! ಇಡೀ ಶಾಲೆಯಲ್ಲಿ ನನ್ನನ್ನು 'ಅಕ್ಕಾ' ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ಈಗ ಸ್ಟಾಫ್ ರೂಮಿನಲ್ಲಿ ಎದುರಾದರೆ "ನಮಸ್ಕಾರ ಮೇಡಂ" ಎಂದು ದಾಟಿಹೋಗುತ್ತಿದ್ದಳು. ಆ 'ಮೇಡಂ' ಎನ್ನುವುದು ನನಗೆ ಹೊಡೆದಷ್ಟು ನೋಯುತ್ತಿತ್ತು. ಸೇತುವೆಯಿಂದ ಸಂತಪುರದವರೆಗೆ ಗಾಡಿಯಲ್ಲಿ ಏನೂ ಹಚ್ಚುತ್ತಿರಲಿಲ್ಲ. ಅಷ್ಟು ಶಾಂತವಾದ ರಸ್ತೆಯನ್ನೇ ನಾನು ಬಯಸಿದ್ದೆ, ಈಗ ಅದು ಸಿಕ್ಕಿತ್ತು, ನನಗದು ಬೇಡವಾಗಿತ್ತು.

ಮೂರನೆಯ ವಾರ ಅವಳು ಸಿಬ್ಬಂದಿಗೆಲ್ಲ ಕಾರ್ಡು ಹಂಚಿದಳು. ಅಣ್ಣನ ಮಗಳಿಗೆ ತೊಟ್ಟಿಲು, ಹೆಸರಿಡುವ ಕಾರ್ಯಕ್ರಮ, ಭಾನುವಾರ ಮೆಹಕರದಲ್ಲಿ. ನನ್ನ ಮೇಜಿನ ಮೇಲೂ ಒಂದು ಇಟ್ಟು "ಬರ್ರಿ ಮೇಡಂ" ಎಂದಳು. ಮುಖ ನೋಡಲಿಲ್ಲ. ಹೋಗಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. "ಕಾರ್ಡ್ ಕೊಟ್ಟಾಳಂದ್ರ ಬಾಗಿಲಾ ಇನ್ನಾ ತೆರದದ ಅಂತ ಮೇಡಂ. ಸುಮ್ಮ ಕೂಡ್ರಿ ಗಾಡ್ಯಾಗ," ಎಂದು ಖಾಜಾ ಸರ್ ಗದರಿದ ಮೇಲೆ ಹೊರಟೆ.

ಭಾಲ್ಕಿ ದಾಟಿ ಮಹಾರಾಷ್ಟ್ರದ ಗಡಿಯ ಕಡೆ ಹೋಗುವ ರಸ್ತೆಯಲ್ಲಿ ಮೆಹಕರ. ಮನೆಯ ಮುಂದೆ ಪೆಂಡಾಲು, ಬಿಳಿ ಸೀರೆ ಉಟ್ಟ ಹೆಂಗಸರು. ಬುದ್ಧ ವಂದನೆ ಆಯಿತು, ಕೂಸಿಗೆ ಹೆಸರಿಟ್ಟರು, ಊಟವೂ ಆಯಿತು. ಮಧ್ಯಾಹ್ನ ಎಲ್ಲರೂ ಪೆಂಡಾಲಿನಲ್ಲಿ ನೆರೆದಾಗ ಸುಜಾತಾಳ ತಂದೆ ಧೋಂಡಿಬಾ ಕಾಕಾ ಹಾರ್ಮೋನಿಯಂ ಮುಂದೆ ಕೂತರು. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ಢೋಲಕಿಯವರು ಒಬ್ಬರು. ಸಂಗೀತ ಬಲ್ಲ ಮೇಡಂ ಎಂದು ನನಗೆ ಎದುರಿಗೇ ಕುರ್ಚಿ ಹಾಕಿದರು. ಇದು ನನಗೆ ಗೊತ್ತಿದ್ದ ಕೆಲಸ. ಕಣ್ಣು ಮುಚ್ಚಿದೆ, ಬಾಯಿ ಬಿಗಿದೆ, ಬೆರಳನ್ನು ತೊಡೆಯ ಮೇಲಿಟ್ಟೆ.

"ಓದ್ಲಾಕ ಹೋಗವ್ವ ನನ್ನವ್ವ, ನಮ್ಮ ಓಣಿಗೆಲ್ಲ ಓದಿ ಹೇಳ ನನ್ನವ್ವ..."

ಕಾಕಾ ಎಳೆದ ಮೊದಲ ಸಾಲಿಗೇ ತೊಡೆಯ ಮೇಲಿನ ನನ್ನ ಬೆರಳು ನಿಂತಿತು. ಅದೇ ಸಾಲು. ಅದೇ ದನಿ. ನಾನು ಗುಂಡಿ ಒತ್ತಿ ಬಾಯಿ ಮುಚ್ಚಿಸಿದ್ದು ಸುಜಾತಾಳ ಅಪ್ಪನನ್ನು. ಮುಂದಿನದು ಮರೆತವನು ಎಂದು ನಾನು ಆಡಿಕೊಂಡಿದ್ದು ಈ ಮನುಷ್ಯನನ್ನು. ನಾಚಿಕೆಯಿಂದ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೆ. ಈಗಲಾದರೂ ಪೂರ್ತಿ ಮರ್ಯಾದೆಯಿಂದ, ಉಸಿರೂ ಕೇಳಿಸದಂತೆ, ಕೇಳಬೇಕೆಂದು ನಿಶ್ಚಯಿಸಿದೆ.

ಕಾಕಾ ಅದೇ ಸಾಲು ಮತ್ತೆ ಹಾಡಿದರು. ಪೆಂಡಾಲಿನ ಜನ ಎತ್ತಿಕೊಂಡು ಹಾಡಿತು. ಮತ್ತೆ ಅದೇ ಸಾಲು. ಐದಾಯಿತು, ಎಂಟಾಯಿತು. ನನ್ನಂಥ ಬಲ್ಲವಳು ಎದುರಿಗಿರುವುದರಿಂದ ಸಾಲನ್ನು ಬೆಳೆಸುತ್ತಿದ್ದಾರೆ ಎಂದುಕೊಂಡು ಮೆಚ್ಚುಗೆಯಿಂದ ತಲೆ ತೂಗಿದೆ. ಹನ್ನೆರಡಾಯಿತು. ಕೂಸು ಎದ್ದು ಅಳತೊಡಗಿತು. ಢೋಲಕಿಯ ಪೆಟ್ಟು ಸೋತಂತೆ ಕೇಳಿಸಿತು. ಕಣ್ಣು ತೆರೆದು ನೋಡುತ್ತೇನೆ, ಇಡೀ ಪೆಂಡಾಲು ನನ್ನನ್ನೇ ನೋಡುತ್ತಿದೆ! ಬಂಡೆಪ್ಪ ಹಾಡುತ್ತಿದ್ದ. ಖಾಜಾ ಸರ್ ಕುತ್ತಿಗೆಯ ನರ ಉಬ್ಬಿಸಿಕೊಂಡು ಹಾಡುತ್ತಿದ್ದರು. ಸುಜಾತಾಳ ತಾಯಿ ನನ್ನ ಕಡೆ ಬಾಗಿ ಕನಿಕರದಿಂದ, "ಬಾಯಿಗಿ ಏನರೆ ಆಗ್ಯಾದೇನ್ ತಂಗಿ?" ಎಂದು ಕೇಳಿದರು.

ಹಿಂದಿನಿಂದ ಸುಜಾತಾಳ ದನಿ ಬಂತು. "ಬಾಯಿ ತೆರೀರಿ ಮೇಡಂ. ಕುಂತವ್ರೆಲ್ಲ ಎತ್ಕೊಳ್ಳೋತನ ನಮ್ಮಪ್ಪ ಮುಂದಿನ ನುಡಿ ಹಾಡಲ್ಲ. ಒಬ್ಬರು ಬಿಟ್ರೂ ಹಾಡಲ್ಲ. ಅದು ನಮ್ಮ ಮೇಳದ ಪದ್ಧತಿ ಅದ."

ನಾನು ತಬ್ಬಿಬ್ಬಾದೆ. ಆದರೂ ನಾಲ್ಕು ವರ್ಷದ ಕಲಿಕೆ ಎಲ್ಲಿ ಹೋಗುತ್ತದೆ? ಶ್ರುತಿ ಹಿಡಿದು, ಗಂಟಲು ಸರಿಮಾಡಿಕೊಂಡು, 'ನನ್ನವ್ವ' ಎನ್ನುವಲ್ಲಿ ಒಂದು ಚೆಂದದ ತಾನ್ ಸೇರಿಸಿ ಸಾಲನ್ನು ಎತ್ತಿಕೊಂಡೆ. ಕಾಕಾ ಕೈಯೆತ್ತಿ ಢೋಲಕಿ ನಿಲ್ಲಿಸಿದರು. ಸಿಟ್ಟಿಲ್ಲದೆ, ಮಗುವಿಗೆ ಹೇಳಿದಂತೆ ಹೇಳಿದರು: "ಟೀಚರ್ ಬಾಯಾರ, ಸಂಗೀತ ಬ್ಯಾಡ್ರಿ. ಹಾಡ್ರಿ."

ಪೆಂಡಾಲೆಲ್ಲ ನಕ್ಕಿತು. ನಾನೂ ನಕ್ಕೆ, ನಗದೆ ವಿಧಿಯಿರಲಿಲ್ಲ. ಆಮೇಲೆ ಹಾಡಿದೆ. ಉಸ್ತಾದರು ಕಂಡಿದ್ದರೆ ಎದ್ದುಹೋಗುತ್ತಿದ್ದರು, ಅಷ್ಟು ಒರಟಾಗಿ, ಅಷ್ಟು ಗಟ್ಟಿಯಾಗಿ ಹಾಡಿದೆ. ಪಕ್ಕದವರ ದನಿ ಯಾವುದು ನನ್ನದು ಯಾವುದು ಎಂದು ಗೊತ್ತಾಗಲಿಲ್ಲ. ಕಾಕಾ ಒಮ್ಮೆ ತಲೆಯಾಡಿಸಿ ಮುಂದಿನ ನುಡಿಗೆ ಹೋದರು. ಓಣಿಯಲ್ಲಿ ಯಾರಿಗೂ ಓದು ಬಾರದೆ, ಆ ಹುಡುಗಿಯ ಅಪ್ಪನಿಗೆ ಬಂದ ಕಾಗದವನ್ನು ಓದಿಸಲು ಅವಳ ಅಜ್ಜಿ ಊರಿಂದೂರಿಗೆ ನಡೆದ ಮಾತು ಅದರಲ್ಲಿತ್ತು. ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವಳು ನಾನು. ಆ ನುಡಿ ಕೇಳಿ ಅತ್ತುಬಿಟ್ಟೆ, ಅಳುತ್ತಲೇ ಎತ್ತಿಕೊಂಡು ಹಾಡಿದೆ. ಇದನ್ನು ದಿನವೂ ನನ್ನ ಬೆನ್ನ ಹಿಂದೆಯೇ ಹಾಡುತ್ತಿದ್ದರೂ ನಾನು ಒಂದು ದಿನವೂ ಇಲ್ಲಿಯವರೆಗೆ ಕಿವಿಗೊಟ್ಟಿರಲಿಲ್ಲ.

ಹಾಡು ಮುಗಿದ ಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಸುಜಾತಾಳ ಹತ್ತಿರ ಹೋಗಿ ನಿಂತೆ. ಬರುವಾಗ ಒಂದು ಮಾತು ಸಿದ್ಧಮಾಡಿಕೊಂಡಿದ್ದೆ, ಅದರಲ್ಲಿ ಮೂರು ಸಂಸ್ಕೃತ ಪದಗಳಿದ್ದವು. ಎಲ್ಲ ಮರೆತುಹೋಯಿತು.

"ತಪ್ಪಾತವ್ವ," ಎಂದೆ. "ಕಾಕಾರಂತ ಗೊತ್ತಿದ್ದಿಲ್ಲ ನನಗ."

"ನಮ್ಮಪ್ಪ ಅಲ್ಲದಿದ್ರ ಬಂದ್ ಮಾಡಬಹುದಿತ್ತೇನ್ರಿ?" ಎಂದಳು. ಲೆಕ್ಕದ ಟೀಚರು, ತಪ್ಪಿರುವ ಹೆಜ್ಜೆಯ ಮೇಲೆಯೇ ಬೆರಳಿಟ್ಟಳು. ಅವಳು ಕೈಯಲ್ಲಿನ ತಾಟು ಕೆಳಗಿಟ್ಟಳು. "ನಾ ಗಾಡ್ಯಾಗ ಒದರ್ತಿದ್ದಿಲ್ರಿ. ಅಪ್ಪಗ ಜವಾಬ್ ಕೊಡ್ತಿದ್ದೆ. ನಾ ಎತ್ಕೊಳ್ದಿದ್ರ ಅಂವ ಅಲ್ಲೇ ನಿಂತಿರ್ತಾನ ಅನಸ್ತದ ನನಗ."

ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದು ತಾಟು ಎತ್ತಿಕೊಂಡು ತಿಕ್ಕತೊಡಗಿದೆ. ಬಹಳ ಹೊತ್ತು ಇಬ್ಬರೂ ತಿಕ್ಕಿದೆವು. ಕೊನೆಗೆ, "ನಾಳಿಗಿ ಗಾಡಿಗಿ ಬಾ," ಎಂದೆ.

"ಇಲ್ರಿ. ಬಸ್ಸೇ ಛೊಲೊ ಅನಸ್ಲತ್ತದ. ಡ್ರೈವರಂದು ಒಂದು ಹಾಡ, ಕಾಲೇಜ್ ಹುಡಗ್ಯಾರ್ದು ಒಂದು, ಹಿಂದಿನ ಸೀಟಿನ್ಯಾಗ ನಂದೊಂದು. ಎಲ್ಲ ಕೂಡೇ ನಡೀತಾವ. ಯಾರೂ ಯಾರ್ದೂ ಬಂದ್ ಮಾಡಲ್ಲ." ನನ್ನ ಮುಖ ನೋಡಿದಳು, ಮೂರು ವಾರದಲ್ಲಿ ಮೊದಲ ಸಲ. "ನಿಮಗ ಆಗಲ್ಲ ಬಿಡ್ರಿ ಅದು."

ಮೂರು ಹಾಡು ಒಟ್ಟಿಗೆ! ನನಗಾಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಬೀದರ್ ಬಂದಾಗ ಖಾಜಾ ಸರ್ ಅವರಿಗೆ, ನಾಳೆ ನನ್ನ ಮನೆಯ ಹತ್ತಿರ ಕಾಯಬೇಡಿ ಎಂದು ಹೇಳಿದೆ. ಅವರು ಹಾರ್ನ್ ಒಂದು ಸಲ ಒತ್ತಿ ಹೋದರು.

ಮರುದಿನ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಎಷ್ಟೋ ವರ್ಷದಿಂದ ಬಸ್ಸು ಹತ್ತಿದವಳಲ್ಲ, ಔರಾದಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಇಬ್ಬರನ್ನು ಕೇಳಬೇಕಾಯಿತು. ಬಸ್ಸು ಆಗಲೇ ಭರ್ತಿಯಾಗಿ ಗುರುಗುಟ್ಟುತ್ತಿತ್ತು, ಬಾಗಿಲಲ್ಲೂ ಜನ. ನಾನು ಬರುವುದಾಗಿ ಸುಜಾತಾಳಿಗೆ ಹೇಳಿರಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು, ಬ್ಯಾಗು ಬಡಿದುಕೊಳ್ಳುತ್ತ, ಐವತ್ಮೂರರ ವಯಸ್ಸಿನಲ್ಲಿ ಓಡಿದೆ. ಹಿಂದಿನ ಕಿಟಕಿಯಲ್ಲಿ ಅವಳು ಕಂಡಳು. ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸಿತ್ತು. ಮೂರು ಹೆಂಗಸರು ನಿಂತಿದ್ದರು, ಕಂಡಕ್ಟರ್ ಆ ಕರವಸ್ತ್ರವನ್ನು ತೋರಿಸಿ ಯಾರದಿದು ಎಂದು ಜೋರು ಮಾಡುತ್ತಿದ್ದ.

ಅವಳು ನನ್ನ ಕಡೆ ನೋಡಲಿಲ್ಲ. ಕರವಸ್ತ್ರದ ಮೇಲೆ ಅಂಗೈ ಒತ್ತಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು:

"ನಮ್ಮಕ್ಕಂದು ಅದ್ರಿ ಇದು. ಓಡ್ಕೋತ ಬರ್ಲತ್ಯಾಳ, ತಡೀರಿ."